ಕೆಹಿಂದೆ (ಹೆಸರು)

ಕೆಹಿಂದೆ ಎಂಬುದು ಪಶ್ಚಿಮ ಆಫ್ರಿಕಾದ ಯೊರುಬಾ ಜನರಲ್ಲಿ ಬಳಕೆಯಲ್ಲಿರುವ ವ್ಯಕ್ತಿನಾಮ. ಅವಳಿ ಮಕ್ಕಳಲ್ಲಿ ಎರಡನೆಯದಾಗಿ ಜನಿಸಿದ ಮಗುವಿಗೆ ಈ ಹೆಸರು ಸಲ್ಲುತ್ತದೆ. ಇದನ್ನು ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಇಡಲಾಗುತ್ತದೆ. ಮೊದಲು ಜನಿಸಿದ ಮಗುವಿನ ಹೆಸರು ತಾಯಿವೊ. ಯೊರುಬಾ ಜನರು ಮುಖ್ಯವಾಗಿ ನೈಜೀರಿಯಾದ ನೈಋತ್ಯ ಭಾಗದಲ್ಲಿಯೂ ನೆರೆಯ ಬೆನಿನ್ ಮತ್ತು ಟೋಗೊ ದೇಶಗಳಲ್ಲಿಯೂ ವಾಸಿಸುತ್ತಾರೆ.

ಅರ್ಥ

ಯೊರುಬಾ ಭಾಷೆಯಲ್ಲಿ ಈ ಹೆಸರಿಗೆ 'ಕೊನೆಯಲ್ಲಿ ಬಂದ', 'ಹಿಂದಿನಿಂದ ಬಂದ' ಎಂಬ ಅರ್ಥವಿದೆ. ಇದರಲ್ಲಿ ಬೆನ್ನು ಅಥವಾ ಹಿಂಭಾಗವನ್ನು ಸೂಚಿಸುವ 'ಎಹಿನ್' ಎಂಬ ಪದವೂ ಬಂದು ತಲುಪು ಎಂಬ ಅರ್ಥದ 'ದೆ' ಎಂಬ ಕ್ರಿಯಾಪದವೂ ಸೇರಿವೆ. 'ಒಮೊಕೆಹಿಂದೆ' ಎಂಬ ದೀರ್ಘರೂಪವೂ ಉಂಟು. 'ಒಮೊ' ಎಂದರೆ ಮಗು. ಕನ್ನಡದ 'ಹಿಂದೆ' ಎಂಬ ಪದದೊಡನೆ ಕಾಣುವ ಹೋಲಿಕೆ ಆಕಸ್ಮಿಕವಾದುದು. ಎರಡು ಭಾಷೆಗಳು ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿವೆ.

ತಾಯಿವೊ ಎಂಬುದು 'ಲೋಕದ ರುಚಿ ನೋಡಿದವ' ಎಂಬ ಅರ್ಥವನ್ನು ಕೊಡುತ್ತದೆ.

ಹಿರಿಯರು ಯಾರು?

ಹುಟ್ಟಿದ ಸಮಯದ ಲೆಕ್ಕದಲ್ಲಿ ತಾಯಿವೊ ಮೊದಲಿಗರಾದರೂ, ಯೊರುಬಾ ಸಂಪ್ರದಾಯವು ಕೆಹಿಂದೆಯನ್ನೇ ಹಿರಿಯರೆಂದು ಪರಿಗಣಿಸುತ್ತದೆ. ಲೋಕವು ವಾಸಕ್ಕೆ ಯೋಗ್ಯವೇ ಎಂದು ನೋಡಿ ಬರಲು ಕೆಹಿಂದೆಯು ತಾಯಿವೊನನ್ನು ಮುಂದೆ ಕಳುಹಿಸುತ್ತದೆ, ತಾಯಿವೊ ಅಳುವ ದನಿಯನ್ನು ಕೇಳಿದ ಮೇಲೆ ತಾನೂ ಹೊರಬರುತ್ತದೆ ಎಂಬುದು ನಂಬಿಕೆ. ಕಿರಿಯರನ್ನು ಮುಂದಾಗಿ ಕಳುಹಿಸುವುದು ಹಿರಿಯರ ಅಧಿಕಾರವೆಂಬ ಭಾವನೆ ಇದರ ಹಿನ್ನೆಲೆಯಲ್ಲಿದೆ. ಇದಕ್ಕೆ ಅನುಗುಣವಾಗಿ ಕೆಹಿಂದೆಯನ್ನು ವಿಚಾರವಂತ ಸ್ವಭಾವದವರೆಂದೂ ತಾಯಿವೊನನ್ನು ಕುತೂಹಲಿಯೆಂದೂ ವರ್ಣಿಸುವುದುಂಟು.

ನಾಮಕರಣ ಪದ್ಧತಿಯಲ್ಲಿ ಸ್ಥಾನ

ಯೊರುಬಾ ಹೆಸರುಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಕುಟುಂಬದವರು ತಮ್ಮ ಆಶಯ ಮತ್ತು ಪರಿಸ್ಥಿತಿಗೆ ತಕ್ಕಂತೆ ಆರಿಸುವ ಹೆಸರುಗಳಿಗೆ 'ಅಬಿಸೊ' ಎನ್ನುತ್ತಾರೆ. ಮಗು ಹುಟ್ಟಿದ ರೀತಿಯಿಂದಲೇ ನಿರ್ಧಾರವಾಗುವ ಹೆಸರುಗಳು 'ಅಮುತೊರುನ್‌ವಾ', ಅಂದರೆ ಸ್ವರ್ಗದಿಂದ ತಂದವು. ಕೆಹಿಂದೆ ಎರಡನೆಯ ಬಗೆಗೆ ಸೇರುತ್ತದೆ. ಕಾಲು ಮುಂದಾಗಿ ಹುಟ್ಟಿದ ಮಗುವಿಗೆ ಇಗೆ, ಅವಳಿಗಳ ನಂತರ ಹುಟ್ಟುವ ಮಗುವಿಗೆ ಇದೋವು, ಅದರ ನಂತರದ ಮಗುವಿಗೆ ಅಲಾಬಾ ಎಂಬ ಹೆಸರುಗಳೂ ಇದೇ ಬಗೆಯವು. ಅವಳಿಗಳ ಹೆತ್ತವರನ್ನು 'ಇಯಾ ಇಬೆಜಿ' (ಅವಳಿಗಳ ತಾಯಿ), 'ಬಾಬಾ ಇಬೆಜಿ' (ಅವಳಿಗಳ ತಂದೆ) ಎಂದು ಗೌರವದಿಂದ ಕರೆಯಲಾಗುತ್ತದೆ.

ಅವಳಿಗಳ ಮರಣ ಮತ್ತು ಇಬೆಜಿ ವಿಗ್ರಹಗಳು

ಅವಳಿ ಶಿಶುಗಳು ಸಾಮಾನ್ಯವಾಗಿ ಕಡಿಮೆ ತೂಕದಿಂದ, ಅವಧಿಗೆ ಮುನ್ನವೇ ಜನಿಸುವುದರಿಂದ ಅವುಗಳಿಗೆ ಅಪಾಯ ಹೆಚ್ಚು. ಆಧುನಿಕ ವೈದ್ಯಕೀಯ ಸೌಲಭ್ಯಗಳಿಲ್ಲದ ಕಾಲದಲ್ಲಿ ಇಬ್ಬರಲ್ಲಿ ಒಬ್ಬರನ್ನು, ಕೆಲವೊಮ್ಮೆ ಇಬ್ಬರನ್ನೂ, ಕಳೆದುಕೊಳ್ಳುವುದು ವಿರಳವಾಗಿರಲಿಲ್ಲ. ಅವಳಿಗಳ ಆತ್ಮಗಳು ಒಂದಕ್ಕೊಂದು ಬೆಸೆದುಕೊಂಡಿವೆ ಎಂಬ ನಂಬಿಕೆಯಿಂದ, ತೀರಿಹೋದ ಮಗುವಿನ ನೆಲೆಯಾಗಿ 'ಎರೆ ಇಬೆಜಿ' ಎಂಬ ಸಣ್ಣ ಮರದ ವಿಗ್ರಹವನ್ನು ಕೆತ್ತಿಸುತ್ತಿದ್ದರು. ತಾಯಿಯು ಅದಕ್ಕೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಉಣಿಸಿ, ಬದುಕಿರುವ ಮಗುವಿನಂತೆಯೇ ಸಲಹುತ್ತಿದ್ದಳು. ಮುಖವು ಸವೆದು ನುಣುಪಾಗಿರುವ ಇಂತಹ ವಿಗ್ರಹಗಳು ಇಂದು ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳಲ್ಲಿವೆ. ತಾಯಿವೊ ತೀರಿಕೊಂಡರೂ ಕೆಹಿಂದೆಯ ಹೆಸರು ಬದಲಾಗುವುದಿಲ್ಲ. ಹೀಗಾಗಿ ಈ ಹೆಸರು ಜೊತೆಗಿಲ್ಲದ ಇನ್ನೊಬ್ಬರ ನೆನಪನ್ನೂ ಉಳಿಸುತ್ತದೆ.

ಪ್ರಚಲಿತತೆ

ಈ ಹೆಸರು ವ್ಯಾಪಕವಾಗಿರಲು ಯೊರುಬಾ ಜನರಲ್ಲಿ ಅವಳಿ ಜನನದ ಪ್ರಮಾಣ ಅಧಿಕವಾಗಿರುವುದೇ ಮುಖ್ಯ ಕಾರಣ. 20ನೆಯ ಶತಮಾನದ ಅಧ್ಯಯನಗಳಲ್ಲಿ ಇದು 1,000 ಹೆರಿಗೆಗಳಿಗೆ ಸುಮಾರು 40ರಿಂದ 50ರಷ್ಟು ಕಂಡುಬಂದಿದೆ. ಒಂದೇ ಅಂಡದಿಂದ ಬೆಳೆಯುವ ತದ್ರೂಪಿ ಅವಳಿಗಳ ಪ್ರಮಾಣ ಜಗತ್ತಿನ ಎಲ್ಲೆಡೆ 1,000ಕ್ಕೆ ಸುಮಾರು 4ರಷ್ಟೇ ಇರುತ್ತದೆ. ಯೊರುಬಾ ಜನರಲ್ಲಿ ಹೆಚ್ಚಾಗಿರುವುದು ಎರಡು ಅಂಡಗಳಿಂದ ಬೆಳೆಯುವ ಅವಳಿಗಳು. ಒಯೊ ರಾಜ್ಯದ ಇಗ್ಬೊ-ಒರಾ ಪಟ್ಟಣವು ಅವಳಿಗಳಿಗಾಗಿಯೇ ಪ್ರಸಿದ್ಧವಾಗಿದೆ. ಸ್ಥಳೀಯರು ಇದಕ್ಕೆ ಗೆಣಸಿನ ಜಾತಿಯ ಯಾಮ್ ಗಡ್ಡೆ ಮುಂತಾದ ಆಹಾರ ಕಾರಣವೆನ್ನುತ್ತಾರೆ. ಇದು ವೈಜ್ಞಾನಿಕವಾಗಿ ಸಿದ್ಧಪಟ್ಟಿಲ್ಲ.

ಯೊರುಬಾ ಕ್ರೈಸ್ತರು ಮತ್ತು ಮುಸ್ಲಿಮರು ತಮ್ಮ ಧರ್ಮದ ಹೆಸರುಗಳ ಜೊತೆಗೆ ಈ ಹೆಸರನ್ನು ಉಳಿಸಿಕೊಂಡಿದ್ದಾರೆ. ಗುಲಾಮರ ಸಾಗಾಟದ ಕಾಲದಲ್ಲಿ ಇಬೆಜಿ ಆರಾಧನೆಯು ಬ್ರೆಜಿಲ್ ಮತ್ತು ಕ್ಯೂಬಾಗಳನ್ನು ತಲುಪಿತು. ಕ್ಯೂಬಾದ ಸಂಪ್ರದಾಯದಲ್ಲಿ ಹೆಸರು 'ಕಾಯಿಂದೆ' ಎಂಬ ರೂಪ ಪಡೆದಿದೆ.

ಸಾಹಿತ್ಯದಲ್ಲಿ

ನೈಜೀರಿಯಾ ಮೂಲದ ಲೇಖಕಿ ಬೂಚಿ ಎಮೆಚೆಟಾ ಅವರ 1994ರ ಕಾದಂಬರಿಯ ಶೀರ್ಷಿಕೆಯೇ 'ಕೆಹಿಂದೆ'. ಹುಟ್ಟುವ ಮುನ್ನವೇ ತೀರಿಕೊಂಡ ಅವಳಿ ತಾಯಿವೊಳ ದನಿ ಅದರಲ್ಲಿ ನಾಯಕಿಯ ಜೊತೆ ಮಾತನಾಡುತ್ತದೆ.

ಈ ಹೆಸರಿನ ಪ್ರಸಿದ್ಧರು

ಕೆಹಿಂದೆ ವೈಲಿ (ಜನನ 1977): ಅಮೆರಿಕದ ಚಿತ್ರಕಾರ. ಇವರು ರಚಿಸಿದ ಬರಾಕ್ ಒಬಾಮಾ ಅವರ ಭಾವಚಿತ್ರವು 2018ರಲ್ಲಿ ವಾಷಿಂಗ್ಟನ್‌ನಲ್ಲಿ ಅನಾವರಣಗೊಂಡಿತು. ಅವಳಿ ಸೋದರನ ಹೆಸರು ತಾಯಿವೊ.

ಕೆಹಿಂದೆ ಲಿಜಾಡು (1948–2019): ನೈಜೀರಿಯಾದ ಗಾಯಕಿ. ಅವಳಿ ಸೋದರಿ ತಾಯಿವೊ ಜೊತೆಗೂಡಿ 'ಲಿಜಾಡು ಸಿಸ್ಟರ್ಸ್' ಎಂದು ಹೆಸರಾದವರು.

ಲೀಸಾ-ಕಾಯಿಂದೆ ಡಿಯಾಸ್ (ಜನನ 1994): ಫ್ರಾನ್ಸ್–ಕ್ಯೂಬಾ ಮೂಲದ ಗಾಯಕಿ. ಅವಳಿ ಸೋದರಿ ನವೋಮಿಯೊಡನೆ ಇವರು ಕಟ್ಟಿದ ಸಂಗೀತ ಜೋಡಿಯ ಹೆಸರು 'ಇಬೆಯಿ'. ಇದು ಇಬೆಜಿ ಪದದ ಇನ್ನೊಂದು ರೂಪ.