ಉದರದ ಪೊರೆಯೇ ಜರಡಿ

ಮೂತ್ರಪಿಂಡಗಳೆರಡೂ ನಿಷ್ಕ್ರಿಯಗೊಂಡಾಗ ಯೂರಿಯಾದಂತಹ ಕಲ್ಮಶಗಳು ರಕ್ತದಲ್ಲಿ ಸಂಚಯಗೊಂಡು ಪ್ರಾಣಕ್ಕೇ ಸಂಚಕಾರ ಒದಗುತ್ತದೆ. ಅವನ್ನು ತೆಗೆಯಲು ಯಂತ್ರವೇ ಬೇಕೆಂದಿಲ್ಲ. ಕರುಳುಗಳನ್ನು ಆವರಿಸಿರುವ ಪೆರಿಟೋನಿಯಂ ಎಂಬ ತೆಳುಪೊರೆಯೇ ಜರಡಿಯಾಗಬಲ್ಲುದು.

ಹೊಟ್ಟೆಯಲ್ಲಿ ಇರಿಸಿದ ಮೆದುನಳಿಕೆಯ ಮೂಲಕ ಸುಮಾರು 2 ಲೀಟರ್ ಗ್ಲೂಕೋಸ್ ದ್ರಾವಣವನ್ನು ತುಂಬುತ್ತಾರೆ. ಪೊರೆಯ ರಕ್ತನಾಳಗಳಿಂದ ಕಲ್ಮಶವು ದ್ರಾವಣಕ್ಕಿಳಿಯುತ್ತದೆ. ಉಪ್ಪು ಬೆರೆಸಿದ ಮಾವಿನಕಾಯಿ ನೀರೊಡೆಯುವಂತೆ, ಗ್ಲೂಕೋಸು ಹೆಚ್ಚಿನ ನೀರನ್ನೂ ಸೆಳೆಯುತ್ತದೆ. 4ರಿಂದ 6 ಗಂಟೆಗಳ ಬಳಿಕ ಅದನ್ನು ಹೊರಬಿಟ್ಟು ಹೊಸದನ್ನು ತುಂಬುವುದು. ಹೀಗೆ ದಿನಕ್ಕೆ ಸಾಮಾನ್ಯವಾಗಿ 4 ಸಲ. 1976ರಲ್ಲಿ ಅಮೆರಿಕದ ಪೊಪೊವಿಚ್, ಮಾಂಕ್ರೀಫ್ ಮೊದಲಾದವರು ಈ ಕ್ರಮವನ್ನು ನಿರೂಪಿಸಿದರು.

ವಾರಕ್ಕೆ ಮೂರು ಬಾರಿ ಪಟ್ಟಣದ ಆಸ್ಪತ್ರೆಗೆ ಅಲೆಯಲಾರದ ಹಳ್ಳಿಗನು ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೆಂಬುದೇ ದೊಡ್ಡ ಅನುಕೂಲ. ಆದರೆ ಶುಚಿಯಿಲ್ಲದ ಕೈ ನಳಿಕೆಯ ತುದಿಯನ್ನು ಮುಟ್ಟಿದರೆ ಪೊರೆಗೆ ಸೋಂಕು ತಗಲೀತು. ಹೊರಬಂದ ದ್ರವ ಕದಡಿದ್ದರೆ, ಹೊಟ್ಟೆ ನೊಂದರೆ, ಒಡನೆಯೇ ವೈದ್ಯರನ್ನು ಕಾಣಬೇಕು.