ರೋಗಿಯ ಹೊರನೋಟ ಏನನ್ನು ಹೇಳುತ್ತದೆ?

ಊರಿನಿಂದ ಮಗನ ಮನೆಗೆ ಬಂದ ವೃದ್ಧ ತಾಯಿಯೊಬ್ಬರು ಮುಂಬಯಿಯ ಆಸ್ಪತ್ರೆಯನ್ನು ಸೇರಿದರೆಂದು ಭಾವಿಸೋಣ. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ದಾದಿಗೆ ಕನ್ನಡ ತಿಳಿಯದು. ಆದರೂ ದಾದಿಯ ಪರಿಶೀಲನೆ ಆಗಲೇ ಆರಂಭವಾಗಿರುತ್ತದೆ. ರೋಗಿಯ ಮುಖಭಾವ, ಚರ್ಮ, ಉಗುರು, ಕೂದಲು, ಉಡುಪು ಇವೆಲ್ಲವೂ ಆಕೆಗೆ ಮೂಕಸಾಕ್ಷಿಗಳು. ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಗ್ರಂಥದಲ್ಲಿ ರೋಗಿಯ ಅವಲೋಕನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದರು.

ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಶಂಕೆ ಮೂಡುತ್ತದೆ. ಉಗುರು ಚಮಚದಂತೆ ಕುಳಿಬಿದ್ದಿದ್ದರೆ ಕಬ್ಬಿಣಾಂಶದ ಕೊರತೆಯಿರಬಹುದು. ತುಟಿ, ನಾಲಗೆಗಳು ನೀಲಿಗಟ್ಟಿದ್ದರೆ ರಕ್ತದಲ್ಲಿ ಆಮ್ಲಜನಕ ಸಾಲದೆಂದು ತಿಳಿಯಬೇಕು. ಮಧುಮೇಹಿಯ ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬಂದರೆ ಅದು ಅಪಾಯದ ಸೂಚನೆ. ರವಿಕೆ, ಬಳೆಗಳು ಸಡಿಲಗೊಂಡಿದ್ದರೆ ತೂಕ ಇಳಿದಿದೆಯೆಂದೂ, ಕಾಲುಂಗುರ ಬಿಗಿದಿದ್ದರೆ ಪಾದ ಊದಿದೆಯೆಂದೂ ಅರ್ಥ. ಊತಕ್ಕೆ ಹೃದಯ ಅಥವಾ ಮೂತ್ರಪಿಂಡಗಳ ದೋಷ ಕಾರಣವಿರಬಹುದು.

ಶುಚಿತ್ವದ ವಿಷಯ ಇನ್ನೂ ಸೂಕ್ಷ್ಮವಾದುದು. ಬಾಚದ ತಲೆ, ಮಾಸಿದ ಸೀರೆಗಳನ್ನು ಕಂಡು ಸೋಮಾರಿತನವೆಂದು ತೀರ್ಮಾನಿಸುವುದು ಸಲ್ಲದು. ಭುಜದ ನೋವಿನಿಂದ ಕೈ ಮೇಲೇಳದಿರಬಹುದು. ಸಂಧಿವಾತದ ಬೆರಳುಗಳಿಗೆ ರವಿಕೆಯ ಗುಂಡಿ ಹಾಕಲು ಆಗದಿರಬಹುದು. ಮನಸ್ಸಿನ ಖಿನ್ನತೆ, ಮರೆವಿನ ರೋಗ, ಮಂಜಾದ ದೃಷ್ಟಿ, ಮನೆಯಲ್ಲಿನ ನೀರಿನ ಅಭಾವ, ನೋಡಿಕೊಳ್ಳುವವರಿಲ್ಲದ ಸ್ಥಿತಿ ಇವೂ ಕಾರಣಗಳೇ. ಮುಖದ ಒಂದೇ ಪಾರ್ಶ್ವವನ್ನು ಕ್ಷೌರ ಮಾಡಿಕೊಂಡವರ ಮೆದುಳಿಗೆ ಪೆಟ್ಟಾಗಿರಬಹುದು. ಆದ್ದರಿಂದ ನುರಿತ ದಾದಿ ತೀರ್ಪು ಕೊಡುವುದಿಲ್ಲ. ಕಂಡುದನ್ನು ಬರೆದಿಟ್ಟು, ಕಾರಣವನ್ನು ವಿಚಾರಿಸುತ್ತಾಳೆ.

ಇಲ್ಲಿಯೇ ಮನೆಯವರ ಹೊಣೆ ಬರುತ್ತದೆ. ಇಂದಿನ ರೂಪ ದಾದಿಗೆ ಕಾಣುತ್ತದೆ. ನಿತ್ಯದ ರೂಪವನ್ನು ಬಲ್ಲವರು ನಾವು. "ನಮ್ಮ ತಾಯಿ ಸ್ನಾನ ಮಾಡದೆ, ಹಣೆಗೆ ಕುಂಕುಮವಿಡದೆ ಇದ್ದವರೇ ಅಲ್ಲ, ಹದಿನೈದು ದಿನಗಳಿಂದ ಹೀಗಾಗಿದ್ದಾರೆ" ಎಂಬ ಒಂದು ಮಾತು ರೋಗನಿದಾನಕ್ಕೆ ದಾರಿ ತೋರಬಲ್ಲದು. ಸಂಕೋಚದಿಂದ ಅದನ್ನು ಮುಚ್ಚಿಡಬಾರದು. ಆಸ್ಪತ್ರೆಗೆ ಹೊರಡುವಾಗ ಉಗುರಿನ ಬಣ್ಣವನ್ನು ತೆಗೆದಿರುವುದು ಲೇಸು. ಅದು ಉಗುರಿನ ನಿಜಬಣ್ಣವನ್ನು ಮರೆಮಾಡುತ್ತದೆ. ಮುಖ ಒಂದು ಕಡೆಗೆ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪರಭಾಷೆಯ ನಗರದಲ್ಲಿ ನಮ್ಮ ಹಿರಿಯರ ಮಾತು ಇತರರಿಗೆ ಅರ್ಥವಾಗದಿರಬಹುದು. ಅವರ ಮೈ ನುಡಿಯುವ ಭಾಷೆಯನ್ನಾದರೂ ನಾವು ದಿನಕ್ಕೊಮ್ಮೆ ಗಮನವಿಟ್ಟು ಓದೋಣ.