ಮನೆಯಲ್ಲಿ ಹೊಲಿದ ನೃತ್ಯದ ಉಡುಪು

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯಗಳೆಂದು ನಾಲ್ಕಾಗಿ ವಿಂಗಡಿಸಿ, ಅವುಗಳಲ್ಲಿ ವೇಷಭೂಷಣಗಳಿಗೆ ಸಂಬಂಧಿಸಿದ ಆಹಾರ್ಯವನ್ನು ಮತ್ತೆ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂಬ ನಾಲ್ಕು ಬಗೆಗಳಲ್ಲಿ ವಿಸ್ತರಿಸಿ ಹೇಳುತ್ತದೆ. ಮುಖದ ಬಣ್ಣ, ಮುಡಿಯ ಮಾಲೆ, ಕಿವಿಯ ಓಲೆ, ಉಟ್ಟ ವಸ್ತ್ರ, ರಂಗದ ಮೇಲೆ ನಿಲ್ಲಿಸುವ ಪರ್ವತ ವಿಮಾನಗಳ ಪ್ರತಿಕೃತಿ, ಇವೆಲ್ಲವೂ ಆ ಶಾಸ್ತ್ರದ ದೃಷ್ಟಿಯಲ್ಲಿ ಅಭಿನಯದ ಅಂಗಗಳೇ ಆಗಿವೆ. ಹೀಗಿದ್ದರೂ, ಅಡವುಗಳೆಂಬ ಮೂಲ ಹೆಜ್ಜೆಗಳ ಶುದ್ಧಿಗಾಗಿ ವರ್ಷಗಟ್ಟಲೆ ಶ್ರಮಿಸುವ ನಮ್ಮ ನೃತ್ಯವಿದ್ಯಾರ್ಥಿಗಳು ತಾವು ಧರಿಸುವ ಉಡುಪು ಯಾವ ನೂಲಿನದು, ಎಷ್ಟು ತುಂಡುಗಳದು, ಅದರ ನೆರಿಗೆ ಏಕೆ ಬಿಚ್ಚುತ್ತದೆ, ಏಕೆ ಮತ್ತೆ ಮಡಿಚಿಕೊಳ್ಳುತ್ತದೆ ಎಂಬುದನ್ನು ಅರಿಯದೆಯೇ ರಂಗವನ್ನೇರುವುದುಂಟು. ಈ ಅರಿವನ್ನು ಸಂಪಾದಿಸುವುದಕ್ಕೆ ಇರುವ ಅತ್ಯಂತ ನೇರವಾದ ಮಾರ್ಗವೆಂದರೆ ಉಡುಪನ್ನು ಮನೆಯಲ್ಲಿ ಕುಳಿತು ಸ್ವತಃ ಹೊಲಿಯುವುದು. ಹವ್ಯಾಸವಾಗಿ ಇದನ್ನು ಕೈಗೊಂಡ ಗೃಹಿಣಿಯರೂ ತರುಣಿಯರೂ ನಮ್ಮ ಊರುಗಳಲ್ಲಿ ಅಲ್ಲಲ್ಲಿ ಇದ್ದಾರೆ. ಅವರ ಕಲೆಯನ್ನು ಓದುಗರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಭರತನಾಟ್ಯದ ಇಂದಿನ ಹೊಲಿದ ಉಡುಪು ಬಹು ಪ್ರಾಚೀನವಾದುದಲ್ಲ. ದಕ್ಷಿಣದೇಶದ ನರ್ತಕಿಯರ ಹಳೆಯ ಛಾಯಾಚಿತ್ರಗಳನ್ನು ನೋಡಿದರೆ, ಅವರು ಪೈಜಾಮದ ಮೇಲೆ ಸೀರೆಯನ್ನು ಸುತ್ತಿ ಉಟ್ಟು, ಅದರ ನೆರಿಗೆಗಳನ್ನು ಮುಂದಕ್ಕೆ ಇಳಿಬಿಟ್ಟು, ಡಾಬಿನಿಂದ ಬಿಗಿದಿರುವುದು ಕಂಡುಬರುತ್ತದೆ. 1935ರಲ್ಲಿ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ವಜ್ರಮಹೋತ್ಸವದಲ್ಲಿ ನರ್ತಿಸಿ, ಮರುವರ್ಷ ಕಲಾಕ್ಷೇತ್ರಕ್ಕೆ ಅಸ್ತಿಭಾರ ಹಾಕಿದ ರುಕ್ಮಿಣೀದೇವಿ ಅರುಂಡೇಲರು ಉಡುಪಿನ ಕಡೆಗೂ ತಮ್ಮ ಸೂಕ್ಷ್ಮವಾದ ದೃಷ್ಟಿಯನ್ನು ಹರಿಸಿದರು. ದೇವಾಲಯದ ಶಿಲ್ಪಗಳನ್ನು ಪರಿಶೀಲಿಸಿ, ಇಟಲಿ ದೇಶದ ಮಹಿಳೆಯೊಬ್ಬರ ನೆರವನ್ನೂ ಪಡೆದು ಅವರು ರೂಪಿಸಿದ ಉಡುಪು, ದೇಹದ ರೇಖೆಗಳನ್ನು ಮರೆಮಾಚದೆ, ಚಲನೆಗೆ ಅಡ್ಡಿಯಾಗದೆ, ಕ್ಷಣಮಾತ್ರದಲ್ಲಿ ಧರಿಸಬಹುದಾದ ಹೊಲಿದ ವೇಷಗಳಿಗೆ ದಾರಿ ಮಾಡಿಕೊಟ್ಟಿತು. ಕಲಾಕ್ಷೇತ್ರದಲ್ಲಿ ನೃತ್ಯದ ಜೊತೆಗೆ ಕೈಮಗ್ಗದ ನೇಯ್ಗೆಗೂ ಅವರು ಸ್ಥಾನವನ್ನು ಕಲ್ಪಿಸಿದರೆಂಬುದನ್ನು ನೆನೆದರೆ, ನರ್ತನಕ್ಕೂ ನೂಲಿಗೂ ಇರುವ ಸಂಬಂಧವನ್ನು ಅವರು ಎಷ್ಟು ಗಂಭೀರವಾಗಿ ಭಾವಿಸಿದ್ದರೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ನಾಡಿನಲ್ಲಿ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಮೈಸೂರಿನ ನೃತ್ಯಪರಂಪರೆಯನ್ನು ಕಾಪಾಡುತ್ತಿದ್ದ ಕಾಲದಲ್ಲಿಯೇ, ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು ಬಂದ ಯು. ಎಸ್. ಕೃಷ್ಣರಾಯರೂ ಅವರ ಪತ್ನಿ ಚಂದ್ರಭಾಗಾದೇವಿಯವರೂ ಬೆಂಗಳೂರಿನಲ್ಲಿ ನೃತ್ಯವನ್ನು ಬೋಧಿಸಿದರು. ಗೃಹಸ್ಥರ ಮನೆಯ ಮಕ್ಕಳು ಗೆಜ್ಜೆ ಕಟ್ಟುವುದು ಕ್ರಮೇಣ ರೂಢಿಯಾದಂತೆ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಜರಿಯ ಸೀರೆಗೆ ರಂಗದ ಮೇಲೆ ಎರಡನೆಯ ಜನ್ಮವು ದೊರೆಯುವುದಕ್ಕೂ ಅವಕಾಶವಾಯಿತು.

ಹೊಲಿಗೆಗೆ ಕೂಡುವ ಮುನ್ನ ಬಟ್ಟೆಯನ್ನು ಅರಿಯಬೇಕು. ಬಟ್ಟೆಯ ಸ್ವಭಾವವು ಅದರ ನೂಲಿನ ಹುರಿಯಲ್ಲಿದೆ. ತಕಲಿಯನ್ನೋ ಚರಕವನ್ನೋ ಹಿಡಿದು ಕೆಲಕಾಲವಾದರೂ ನೂತವರಿಗೆ ಇದು ಬೆರಳ ತುದಿಗೇ ತಿಳಿದಿರುವ ವಿಷಯ: ಹುರಿ ಕಡಿಮೆಯಾದರೆ ಎಳೆಯು ಬಿಟ್ಟುಹೋಗುವುದು, ಅತಿಯಾದರೆ ತನ್ನಷ್ಟಕ್ಕೆ ತಾನೇ ಸುರುಳಿ ಸುತ್ತಿಕೊಳ್ಳುವುದು. 1912ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಹೆಸರಾಂತ ಕ್ರೇಪ್ ಸೀರೆಯ ಸೊಬಗೆಲ್ಲ ಬಿಗಿಯಾಗಿ ಹುರಿಗೊಂಡ ನೂಲಿನಿಂದ ಬಂದುದು. ಅದು ಮೈಯ ಮೇಲೆ ಜಾರುವಂತೆ ಇಳಿಯುತ್ತದೆ, ಆದರೆ ಅದೇ ಕಾರಣದಿಂದ ಅದರಲ್ಲಿ ಮಡಿಸಿದ ನೆರಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಲವು ಎಳೆಗಳನ್ನು ಕೂಡಿಸಿ ನೇಯ್ದ ಕಂಚಿಯ ರೇಷ್ಮೆಯಾದರೋ ತೂಕವುಳ್ಳದ್ದು, ಇಸ್ತ್ರಿಯ ಗೆರೆಯನ್ನು ಬಹುಕಾಲ ಹಿಡಿದಿಡುವಂಥದು. ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣವನ್ನು ಹೊಂದಿಸಿ ನೇಯುವ ನಮ್ಮ ಚಿತ್ರದುರ್ಗದ ಸೀಮೆಯ ಮೊಳಕಾಲ್ಮೂರಿನ ಕೈಮಗ್ಗದ ಸೀರೆಯೂ ಈ ಕೆಲಸಕ್ಕೆ ಯೋಗ್ಯವಾದುದೇ ಆಗಿದೆ. ಹೆಣಿಗೆಯನ್ನು ಬಲ್ಲವರು ಇನ್ನೊಂದು ಭೇದವನ್ನೂ ಬಲ್ಲರು. ಕಡ್ಡಿಗಳ ಮೇಲೆ ಕುಣಿಕೆ ಕುಣಿಕೆಯಾಗಿ ಹೆಣೆದ ಬಟ್ಟೆಯು ಎಳೆದ ಕಡೆಗೆ ಹಿಗ್ಗಿ ಮತ್ತೆ ಕುಗ್ಗುವುದು. ಹಾಸುಹೊಕ್ಕಾಗಿ ನೇಯ್ದ ಬಟ್ಟೆಯು ಓರೆಯಾಗಿ ಎಳೆದ ಹೊರತು ಹಿಗ್ಗಲಾರದು. ನೃತ್ಯದಲ್ಲಿ ಮಂಡಿ ಮಡಿಯುವ, ತೋಳು ಏಳುವ ಎಡೆಗಳಲ್ಲೆಲ್ಲ ಹೆಚ್ಚಿನ ಬಟ್ಟೆಯನ್ನು ಸೇರಿಸಬೇಕಾಗಿರುವುದು ಈ ಕಾರಣದಿಂದಲೇ.

ಸಂಪೂರ್ಣವಾದ ಪೈಜಾಮದ ಮಾದರಿಯ ಉಡುಪಿನಲ್ಲಿ ಸಾಮಾನ್ಯವಾಗಿ ಐದು ತುಂಡುಗಳಿರುತ್ತವೆ. ಮೊದಲನೆಯದು ರವಿಕೆ, ಎರಡನೆಯದು ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿದು ಸೊಂಟವನ್ನು ಸೇರುವ ನೆರಿಗೆಯ ಮೇಲ್ಸೆರಗು, ಮೂರನೆಯದು ಪೈಜಾಮ, ನಾಲ್ಕನೆಯದು ಎರಡು ಕಾಲುಗಳ ನಡುವೆ ಬಿಚ್ಚಿಕೊಳ್ಳುವ ಬೀಸಣಿಗೆ, ಎಂದರೆ ನೃತ್ಯದವರು ಬಳಕೆಯ ಮಾತಿನಲ್ಲಿ ಫ್ಯಾನ್ ಎನ್ನುವ ತುಂಡು, ಐದನೆಯದು ನಡುವಿನ ಹಿಂಭಾಗವನ್ನು ಮುಚ್ಚುವ ಪಟ್ಟಿ. ಪೈಜಾಮದ ಬದಲು ನೆರಿಗೆಯ ಲಂಗವಿರುವ ಇನ್ನೊಂದು ಮಾದರಿಯುಂಟು. ಪದ, ಜಾವಳಿಗಳಂತಹ ಅಭಿನಯಪ್ರಧಾನವಾದ ಭಾಗಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ವರ್ಣ, ತಿಲ್ಲಾನಗಳ ವೇಗವಾದ ನೃತ್ತಕ್ಕೆ ಪೈಜಾಮವೇ ಅನುಕೂಲವಾದುದು.

ಈ ಹೊಲಿಗೆಯ ರಹಸ್ಯವೆಲ್ಲ ಅಳತೆಯಲ್ಲಿದೆ. ನಿಂತ ಮನುಷ್ಯನ ಅಳತೆಯನ್ನು ತೆಗೆದು ಹೊಲಿದ ಉಡುಪು ನಿಲ್ಲುವುದಕ್ಕೆ ಮಾತ್ರ ಯೋಗ್ಯವಾದುದು. ಭರತನಾಟ್ಯವಾದರೋ ಬಹುಪಾಲು ಅರೆಮಂಡಿಯಲ್ಲಿ, ಎಂದರೆ ಮೊಣಕಾಲುಗಳನ್ನು ಹೊರಕ್ಕೆ ಮಡಿಸಿ ಅರೆ ಕುಳಿತ ಭಂಗಿಯಲ್ಲಿ, ನಡೆಯುವ ನರ್ತನ. ಆದುದರಿಂದ ಎದೆ, ಸೊಂಟ, ತೋಳುಗಳ ಸುತ್ತಳತೆಯನ್ನು ಬರೆದುಕೊಂಡ ಮೇಲೆ, ಮಗುವನ್ನು ಅರೆಮಂಡಿಯಲ್ಲಿ ನಿಲ್ಲಿಸಿ, ಸೊಂಟದಿಂದ ಮೊಣಕಾಲನ್ನು ಬಳಸಿ ಪಾದದ ಹರಡಿನವರೆಗೆ ಎಷ್ಟು ಉದ್ದವಾಗುತ್ತದೆಂಬುದನ್ನೂ, ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಎಷ್ಟು ಅಗಲವಾಗುತ್ತದೆಂಬುದನ್ನೂ ಅಳೆಯಬೇಕು. ಅನಂತರ ಪೂರ್ಣಮಂಡಿಯಲ್ಲಿ ಕುಳ್ಳಿರಿಸಿ ಮತ್ತೊಮ್ಮೆ ಅಳೆಯಬೇಕು. ಪೈಜಾಮದ ಎರಡು ಕಾಲುಗಳು ಕೂಡುವಲ್ಲಿ ಚೌಕನಾದ ತುಂಡೊಂದನ್ನು ಸೇರಿಸಿದರೆ ಹೊಲಿಗೆಯ ಮೇಲೆ ಎಳೆತ ಬೀಳುವುದಿಲ್ಲ. ಕಾಲಿನ ತುದಿ ಗೆಜ್ಜೆಗೆ ತೊಡಕಾಗದಂತೆ ಅದರ ಮೇಲೆಯೇ ನಿಲ್ಲಬೇಕು. ಮನೆಯವರಿಗೆ ಇರುವ ದೊಡ್ಡ ಅನುಕೂಲವೇ ಇದು: ಮಗುವಿನ ದೇಹವು ಯಾವ ಅಡವಿನಲ್ಲಿ ಹೇಗೆ ಬಾಗುತ್ತದೆಂಬುದನ್ನು ಅವರು ದಿನವೂ ಕಾಣುತ್ತಿರುತ್ತಾರೆ, ಬೇಕಾದಾಗ ಕರೆದು, ತೊಡಿಸಿ, ಕುಣಿಸಿ, ಬಿಗಿಯಾದ ಕಡೆ ಬಿಚ್ಚಿ ಮತ್ತೆ ಹೊಲಿಯಬಲ್ಲರು.

ಕತ್ತರಿಸುವುದರಲ್ಲಿ ಒಂದು ಕ್ರಮವುಂಟು. ಸುಮಾರು ಐದೂವರೆ ಮೀಟರಿನ ಸೀರೆಯನ್ನು ನೆಲದ ಮೇಲೆ ಹಾಸಿ, ಯಾವ ಭಾಗ ಯಾವ ತುಂಡಿಗೆ ಎಂಬುದನ್ನು ಮೊದಲು ಸೀಮೆಸುಣ್ಣದಿಂದ ಗುರುತಿಸಿಕೊಳ್ಳಬೇಕು. ಜರಿಯು ಅತಿ ಹೆಚ್ಚಾಗಿರುವ ಸೆರಗನ್ನು ಬೀಸಣಿಗೆಗೆ ಮೀಸಲಿಡುವುದು ವಾಡಿಕೆ. ಅಂಚುಗಳನ್ನು ಮೇಲ್ಸೆರಗಿಗೂ ಪೈಜಾಮದ ತುದಿಗೂ ರವಿಕೆಯ ತೋಳಿಗೂ ಹಂಚಿ, ಒಡಲಿನ ಬಟ್ಟೆಯಿಂದ ಪೈಜಾಮವನ್ನು ತೆಗೆಯಬೇಕು. ಬೀಸಣಿಗೆಯ ಮರೆಗೆ ಹೋಗುವ ಭಾಗಗಳಲ್ಲಿ ಬೆಲೆಬಾಳುವ ರೇಷ್ಮೆಯನ್ನು ವ್ಯಯ ಮಾಡುವ ಅಗತ್ಯವಿಲ್ಲ. ಮೊದಲ ಬಾರಿ ಈ ಕೆಲಸಕ್ಕೆ ತೊಡಗುವವರು ಹಳೆಯ ಹತ್ತಿಯ ಸೀರೆಯೊಂದರಲ್ಲಿ ಇಡೀ ಉಡುಪನ್ನು ಹೊಲಿದು ನೋಡುವುದು ಅತ್ಯಂತ ಶ್ರೇಯಸ್ಕರ; ಅದೇ ಮುಂದೆ ಅಭ್ಯಾಸದ ಉಡುಪಾಗಿಯೂ ಉಪಯೋಗಕ್ಕೆ ಬರುವುದು.

ಬೀಸಣಿಗೆಯೇ ಈ ಶಿಲ್ಪದ ಹೃದಯ. ಸೆರಗಿನ ಬಟ್ಟೆಯನ್ನು ಸಮನಾದ ಸಣ್ಣ ನೆರಿಗೆಗಳಾಗಿ ಮಡಿಸಿ, ಪ್ರತಿಯೊಂದನ್ನೂ ಗುಂಡುಸೂಜಿಯಿಂದ ಹಿಡಿಸಿ, ಮೇಲಿನಿಂದ ಕೆಳಗಿನವರೆಗೆ ಕಚ್ಚಾ ದಾರವನ್ನು ಓಡಿಸಿ, ತೆಳುವಾದ ಹತ್ತಿಯ ಬಟ್ಟೆಯನ್ನು ಮೇಲೆ ಹರಡಿ ಇಸ್ತ್ರಿ ಮಾಡಬೇಕು. ಕಾದ ಇಸ್ತ್ರಿಯು ಜರಿಯನ್ನು ನೇರವಾಗಿ ಮುಟ್ಟಬಾರದು. ನೆರಿಗೆಗಳ ಮೇಲ್ತುದಿಯನ್ನು ನಡುಪಟ್ಟಿಗೆ ಭದ್ರವಾಗಿ ಹೊಲಿದು, ಪಕ್ಕದ ಎರಡು ಅಂಚುಗಳನ್ನು ಪೈಜಾಮದ ಎರಡು ಕಾಲುಗಳ ಒಳಬದಿಗೆ ಜೋಡಿಸಿ, ಹಿಂಭಾಗದಲ್ಲಿ ನೆರಿಗೆಯಿಂದ ನೆರಿಗೆಗೆ ಸಡಿಲವಾದ ದಾರದ ಕೊಂಡಿಗಳನ್ನು ಹಾಕಿದರೆ, ನರ್ತಕಿ ನಿಂತಾಗ ನೆರಿಗೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಅರೆಮಂಡಿಗೆ ಇಳಿದೊಡನೆ ನವಿಲಿನ ಗರಿಯಂತೆ ಹರಡಿ, ಸೆರಗಿನ ಅಡ್ಡಪಟ್ಟೆಗಳು ಒಂದರ ಕೆಳಗೊಂದು ಕಮಾನುಗಳಾಗಿ ತೋರುತ್ತವೆ. ಕೊಂಡಿಯ ದಾರ ಬಿಗಿಯಾದರೆ ಬೀಸಣಿಗೆ ಬಿಚ್ಚುವುದಿಲ್ಲ, ತೀರ ಸಡಿಲವಾದರೆ ಮತ್ತೆ ಕೂಡುವುದಿಲ್ಲ. ಇವೆರಡರ ನಡುವಣ ಹದವನ್ನು ಕೈ ಕಲಿಯಬೇಕಾದರೆ ಹೊಲಿದು ಬಿಚ್ಚಿ ಮತ್ತೆ ಹೊಲಿಯುವುದೊಂದೇ ಉಪಾಯ.

ರವಿಕೆಯ ವಿಷಯದಲ್ಲಿ ಗಮನಿಸತಕ್ಕುದು ಬೆವರು. ಎರಡು ಗಂಟೆಗಳ ಕಾಲ ದೀಪಗಳ ಎದುರಿನಲ್ಲಿ ನರ್ತಿಸುವವರ ರವಿಕೆಗೆ ಒಳಭಾಗದಲ್ಲಿ ಮೆದುವಾದ ಹತ್ತಿಯ ಲೈನಿಂಗ್ ಇರಲೇಬೇಕು. ಕಂಕುಳಿನಲ್ಲಿ ಓರೆಯಾಗಿ ಕತ್ತರಿಸಿದ ತುಂಡನ್ನು ಸೇರಿಸಿದರೆ, ತೋಳನ್ನು ತಲೆಯ ಮೇಲಕ್ಕೆತ್ತಿದಾಗ ರವಿಕೆ ಮೇಲೆ ಸರಿಯುವುದಿಲ್ಲ. ಬೆಳೆಯುವ ಮಕ್ಕಳ ಉಡುಪಿನ ಪಕ್ಕಗಳಲ್ಲಿಯೂ ತೋಳುಗಳಲ್ಲಿಯೂ ಒಂದೂವರೆ ಅಂಗುಲದಷ್ಟು ಬಟ್ಟೆಯನ್ನು ಒಳಗೆ ಮಡಿಸಿಟ್ಟರೆ ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು. ಯಂತ್ರದಲ್ಲಿ ರೇಷ್ಮೆಯನ್ನು ಹೊಲಿಯುವಾಗ ಹನ್ನೊಂದನೆಯ ನಂಬರಿನ ಸಣ್ಣ ಸೂಜಿಯನ್ನು ಉಪಯೋಗಿಸಬೇಕು. ದಪ್ಪ ಸೂಜಿಯು ರೇಷ್ಮೆಯ ಎಳೆಗಳನ್ನು ಕಿತ್ತು ಬಟ್ಟೆಯ ಮೇಲೆ ಗೆರೆಗಳನ್ನು ಎಬ್ಬಿಸುವುದು. ಎಳೆತ ಬೀಳುವ ಕಡೆ ಎರಡು ಸಾಲು ಹೊಲಿಗೆ, ಸೊಂಟದಲ್ಲಿ ಹುಕ್ಕಿನ ಜೊತೆಗೆ ಲಾಡಿಯ ಕಟ್ಟು, ಇವು ರಂಗದ ಮೇಲಿನ ಧೈರ್ಯಕ್ಕೆ ಅವಶ್ಯವಾದ ಎಚ್ಚರಿಕೆಗಳು.

ಹೊಲಿದ ಉಡುಪಿನ ಈ ಲಾಘವವನ್ನು ಮನಗಾಣಬೇಕಾದರೆ ನಮ್ಮ ಯಕ್ಷಗಾನದ ಚೌಕಿಯನ್ನು, ಎಂದರೆ ವೇಷ ಕಟ್ಟುವ ಕೋಣೆಯನ್ನು, ನೋಡಬೇಕು. ಅಲ್ಲಿ ವೇಷವು ಪ್ರತಿ ರಾತ್ರಿಯೂ ಹೊಸದಾಗಿ ದೇಹದ ಮೇಲೆಯೇ ನಿರ್ಮಾಣವಾಗುತ್ತದೆ: ಚೌಕಳಿಯ ಕಸೆಸೀರೆಯನ್ನು ಉಟ್ಟು ಬಿಗಿದು, ಬಟ್ಟೆಗಳನ್ನು ಸುತ್ತಿ ಮೈಯನ್ನು ತುಂಬಿಸಿ, ಮುಂಡಾಸನ್ನು ತಲೆಯ ಮೇಲೆಯೇ ಕಟ್ಟುವ ಆ ವಿಧಾನ ಗಂಟೆಗಳ ಕೆಲಸ. ಆಹಾರ್ಯವನ್ನು ಸ್ವತಃ ತನ್ನ ಕೈಯಿಂದ ಕಟ್ಟಿಕೊಳ್ಳುವ ಕಲಾವಿದನಿಗೆ ತನ್ನ ವೇಷದ ಪ್ರತಿಯೊಂದು ಗಂಟೂ ಪರಿಚಿತವಾಗಿರುತ್ತದೆ. ಭರತನಾಟ್ಯದ ಕಲಾವಿದರು ಉಡುಪಿನ ಸುಲಭತೆಯನ್ನು ಪಡೆಯುವಾಗ ಇಂತಹ ಪರಿಚಯವನ್ನು ಕಳೆದುಕೊಂಡರು. ಮನೆಯ ಹೊಲಿಗೆ ಅದನ್ನು ಮರಳಿ ತಂದುಕೊಡಬಲ್ಲದು.

ಹೊಲಿದ ಮೇಲೆ ಕಾಪಾಡುವುದೂ ಕಲೆಯ ಭಾಗವೇ. ನರ್ತನವು ಮುಗಿದೊಡನೆ ಉಡುಪನ್ನು ಮಡಿಸಿಡದೆ, ಒಳಬದಿಯನ್ನು ಹೊರಗೆ ಮಾಡಿ ನೆರಳಿನಲ್ಲಿ ಗಾಳಿಗೆ ಹರಡಬೇಕು. ಒಣಗಿದ ಬಳಿಕ ನೆರಿಗೆಗಳನ್ನು ಅವುಗಳ ಗೆರೆಯಲ್ಲಿಯೇ ಕೂಡಿಸಿ, ಬಟ್ಟೆಯ ಪಟ್ಟಿಗಳಿಂದ ಸಡಿಲವಾಗಿ ಕಟ್ಟಿ, ಹಳೆಯ ಮಲ್ಲಿನ ಪಂಚೆಯಲ್ಲಿ ಸುತ್ತಿಡಬೇಕು. ನುಸಿಗುಳಿಗೆಯು ಜರಿಗೆ ತಾಕುವಂತೆ ಇಟ್ಟರೆ ಜರಿ ಕಪ್ಪಾಗುವುದು. ಕೆಲವು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಯಾಡಿಸಿದರೆ ಒಳ್ಳೆಯ ರೇಷ್ಮೆಯ ಉಡುಪು ಅಕ್ಕನಿಂದ ತಂಗಿಗೆ, ತಂಗಿಯಿಂದ ಮುಂದಿನ ವಿದ್ಯಾರ್ಥಿನಿಗೆ ಸಾಗಬಲ್ಲದು.

ಇಷ್ಟು ಹೇಳಿದ ಮೇಲೆ, ನೃತ್ಯದ ಉಡುಪನ್ನೇ ವೃತ್ತಿಯಾಗಿ ಹೊಲಿಯುವ ನಿಪುಣರ ಬಗೆಗೆ ಒಂದು ಮಾತನ್ನು ಹೇಳದಿರುವುದು ಅನ್ಯಾಯವಾದೀತು. ಅವರ ಕೈಯ ಬೀಸಣಿಗೆಯ ಅಚ್ಚುಕಟ್ಟುತನ ಬಹುಕಾಲದ ಸಾಧನೆಯ ಫಲ. ಹವ್ಯಾಸಿಗಳು ಅದನ್ನು ಒಮ್ಮೆಗೇ ಮುಟ್ಟಲಾರರು, ಮುಟ್ಟಬೇಕೆಂಬ ಹಠವೂ ಬೇಡ. ಆದರೆ ರಂಗಪ್ರವೇಶವೆಂದರೆ ಎರಡು ಮೂರು ಬಗೆಯ ಉಡುಪುಗಳೆಂದು ರೂಢಿಯಾಗಿರುವ ಈ ದಿನಗಳಲ್ಲಿ, ಖರ್ಚಿಗೆ ಅಂಜಿ ಪ್ರತಿಭೆಯುಳ್ಳ ಮಕ್ಕಳ ತಂದೆತಾಯಿಗಳು ಹಿಂಜರಿಯುವುದನ್ನು ನೋಡಿದಾಗ ಮನಸ್ಸು ನೋಯುತ್ತದೆ. ಸೂಜಿಯನ್ನು ಹಿಡಿಯಬಲ್ಲ ಮನೆಗೆ ಈ ಅಂಜಿಕೆಯಿಲ್ಲ. ಪರದೇಶಗಳಲ್ಲಿ ನೆಲೆಸಿ ಮಕ್ಕಳಿಗೆ ನೃತ್ಯವನ್ನು ಕಲಿಸುತ್ತಿರುವ ಕನ್ನಡಿಗರಿಗಂತೂ, ಅಳತೆಯ ಚೀಟಿಯನ್ನು ಊರಿಗೆ ಕಳುಹಿಸಿ, ಬಂದ ಉಡುಪು ಮಗುವಿಗೆ ಹಿಡಿಯದೆ ಹೋದಾಗ ಸರಿಪಡಿಸಿಕೊಳ್ಳುವ ವಿದ್ಯೆಯು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಹೇಳಬೇಕಾಗಿಲ್ಲ.

ನೃತ್ಯವನ್ನು ಬೋಧಿಸುವ ಗುರುಗಳಲ್ಲಿ ನನ್ನ ವಿನಂತಿ ಇಷ್ಟು: ತಾಳ, ಮುದ್ರೆ, ಶ್ಲೋಕಗಳ ಪಾಠದ ಜೊತೆಗೆ ವರ್ಷಕ್ಕೆ ಕೆಲವು ಗಂಟೆಗಳನ್ನಾದರೂ ಸೂಜಿ ದಾರಗಳಿಗೆ ಮೀಸಲಿಡಿ, ಹುಡುಗಿಯರಿಗೂ ಹುಡುಗರಿಗೂ ಭೇದವಿಲ್ಲದೆ ನೆರಿಗೆ ಹಿಡಿಯುವುದನ್ನೂ ಹುಕ್ಕು ಹಾಕುವುದನ್ನೂ ಕಲಿಸಿ. ರಂಗಪ್ರವೇಶದ ರೇಷ್ಮೆಯನ್ನು ಬಲ್ಲವರಿಂದಲೇ ಹೊಲಿಸಲಿ. ಅಭ್ಯಾಸದ ಮೊದಲ ಹತ್ತಿಯ ಉಡುಪನ್ನಾದರೂ ನೃತ್ಯ ಕಲಿಯುವವರು ತಮ್ಮ ಕೈಯಿಂದಲೇ ಹೊಲಿದುಕೊಳ್ಳಬೇಕು. ಆಹಾರ್ಯವು ಅಭಿನಯದ ಅಂಗವೆಂದು ಒಪ್ಪಿದ ಮೇಲೆ, ಅದನ್ನು ಕಲಿಯದೆ ನೃತ್ಯಶಿಕ್ಷಣವು ಪೂರ್ಣವಾಯಿತೆಂದು ಹೇಳಲಾಗದು.